ಮರಕ್ಕೆ ಹಗ್ಗ, ಪಾಚಿಗೆ ಪೊರಕೆ: ಜಪಾನಿನ ತೋಟಗಳಲ್ಲಿ ನಾಲ್ಕು ಋತು

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ‘ಚೆರ್ರಿ ಹೂವು ನೋಡಿದ್ರಾ?’ ನೋಡಿದೆ, ಚೆನ್ನಾಗಿದೆ. ಆದರೆ ಬೆಂಗಳೂರಿನ ರಸ್ತೆಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದಾಗ ಫೋಟೊ ಹಾಕಿ ‘ಇದೇ ನಮ್ಮ ಚೆರ್ರಿ’ ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಬರೀ ಹೂವಿನ ಲೆಕ್ಕಕ್ಕೆ ಅವರ ಮಾತೂ ಸರಿಯೇ. ನನಗೆ ಹೇಳಬೇಕು ಅನ್ನಿಸುವುದು ಹೂವಿಲ್ಲದ ದಿನಗಳಲ್ಲಿ ಅಲ್ಲಿನ ತೋಟಗಳಲ್ಲಿ ಏನು ನಡೆಯುತ್ತದೆ ಅನ್ನುವುದನ್ನು. ಅದನ್ನು ತೋರಿಸಿದವರು ಅಲ್ಲಿನ ಗೈಡ್‌ಗಳು.

ಮಗಳು, ಅಳಿಯ ಇರುವುದು ಟೋಕಿಯೊದ ನಿಶಿಕಸಾಯಿಯಲ್ಲಿ. ಭಾರತೀಯರು ತುಂಬಾ ಇರುವ ಜಾಗ, ಉದ್ದಿನಬೇಳೆಗೂ ಹುಣಸೆಹಣ್ಣಿಗೂ ತೊಂದರೆ ಇಲ್ಲ. ಮೊದಲ ಸಲ ಬಾಣಂತನಕ್ಕೆಂದು ಹೋದೆ. ಆಮೇಲೆ ಮೊಮ್ಮಗಳ ನೆಪದಲ್ಲಿ ಮತ್ತೆ ಮೂರು ಸಲ. ಪ್ರತಿ ಸಲವೂ ಬೇರೆ ಬೇರೆ ತಿಂಗಳಲ್ಲಿ ಹೋಗಿದ್ದರಿಂದ, ಪುಣ್ಯಕ್ಕೆ ನಾಲ್ಕೂ ಋತು ಸಿಕ್ಕಿತು. ನಮ್ಮೂರು ಸಾಗರದ ಹತ್ತಿರದ ಒಂದು ಹಳ್ಳಿ. ನಮ್ಮ ಕಡೆ ತೋಟ ಅಂದರೆ ಅಡಿಕೆ ತೋಟ, ಇನ್ನೊಂದು ಅರ್ಥವೇ ಇಲ್ಲ. ಬರೀ ನೋಡೋದಕ್ಕೆ ಅಂತ ಇರುವ ತೋಟಕ್ಕೆ ಟಿಕೆಟ್ ತಗೊಂಡು ಹೋಗ್ತಿದೀನಿ ಅಂತ ಫೋನ್ ಮಾಡಿದಾಗ ನಮ್ಮನೆಯವರು ಜೋರಾಗಿ ನಕ್ಕರು. ‘ಇಲ್ಲಿ ಕಳೆ ತೆಗೆಯೋಕೆ ಆಳಿಲ್ಲ, ನೀನು ಅಲ್ಲಿ ದುಡ್ಡು ಕೊಟ್ಟು ತೋಟ ಸುತ್ತು’ ಅಂದರು.

ದುಡ್ಡೇನೂ ಬಹಳ ಅಲ್ಲ. ಟೋಕಿಯೊ ಸರ್ಕಾರ ನೋಡಿಕೊಳ್ಳುವ ಹಳೆಯ ತೋಟಗಳಲ್ಲಿ ಒಂದಾದ ರಿಕುಗಿಯೆನ್‌ಗೆ 300 ಯೆನ್, ಅಂದರೆ ಇನ್ನೂರು ರೂಪಾಯಿಯ ಒಳಗೆ. 65 ದಾಟಿದವರಿಗೆ ಅದರಲ್ಲೂ ಅರ್ಧ. ವಾರಾಂತ್ಯದಲ್ಲಿ ಸ್ವಯಂಸೇವಕ ಗೈಡ್‌ಗಳು ಇರುತ್ತಾರೆ. ಅವರಿಗೆ ಒಂದು ಪೈಸೆ ಕೊಡಬೇಕಾಗಿಲ್ಲ, ಗೇಟಿನ ಹತ್ತಿರ ಹೇಳಿದ ಹೊತ್ತಿಗೆ ನಿಂತರೆ ಆಯಿತು. ನಮಗೆ ಸಿಕ್ಕವರು ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬೇಕು. ತಲೆಗೆ ಟೋಪಿ, ಕಂಕುಳಲ್ಲಿ ಒಂದು ಫೈಲು. ಫೈಲಿನ ತುಂಬ ಫೋಟೊಗಳು. ನಾವು ಏಪ್ರಿಲ್‌ನಲ್ಲಿ ನಿಂತು ನೋಡುತ್ತಿದ್ದ ಜಾಗದ್ದೇ ನವೆಂಬರ್ ಫೋಟೊ, ಜನವರಿ ಫೋಟೊ. ‘ಈಗ ನೀವು ನೋಡ್ತಿರೋದು ಕಾಲು ಭಾಗ’ ಅಂತ ಪ್ರತಿ ಜಾಗದಲ್ಲೂ ಒಂದೊಂದು ಹಾಳೆ ಎತ್ತಿ ತೋರಿಸುವರು. ಮಗಳು ಅವರ ಜಪಾನಿ ಮಾತನ್ನು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು.

ರಿಕುಗಿಯೆನ್ ಕಟ್ಟಿಸಿದವನು ಯಾನಗಿಸಾವಾ ಯೊಶಿಯಾಸು ಎಂಬ ಪ್ರಭು. ಶೋಗನ್ ತ್ಸುನಯೊಶಿಯ ಹತ್ತಿರದ ಮನುಷ್ಯ. 1695ರಲ್ಲಿ ಜಾಗ ಸಿಕ್ಕಿತು, ಏಳು ವರ್ಷ ಕೆಲಸ ನಡೆದು 1702ರಲ್ಲಿ ತೋಟ ಮುಗಿಯಿತು. ಹಳೆಯ ಜಪಾನಿ ಕವಿತೆಗಳಲ್ಲಿ ಬರುವ ಬೆಟ್ಟ, ಕೊಲ್ಲಿ, ದಡಗಳನ್ನು ಚಿಕ್ಕದು ಮಾಡಿ ನೆಲದ ಮೇಲೆ ಇಟ್ಟರು. ಅಂಥ 88 ಜಾಗಗಳಿಗೆ ಹೆಸರಿಟ್ಟು ಕಲ್ಲು ನಿಲ್ಲಿಸಿದ್ದರು, ಈಗ 32 ಕಲ್ಲು ಉಳಿದಿವೆ. ಕವಿತೆ ಗೊತ್ತಿದ್ದವರಿಗೆ ಆ ಕಲ್ಲು ನೋಡಿದರೆ ಸಾಕು, ಸಾಲು ನೆನಪಾಗುತ್ತದೆ. ಗೊತ್ತಿಲ್ಲದ ನಮ್ಮಂಥವರಿಗೆ ಅದು ಬರೀ ಕಲ್ಲು. ಗೈಡ್ ಬೇಕಾಗುವುದು ಇಲ್ಲಿಯೇ. ಕಾಲ ಕಳೆದಂತೆ ತೋಟಕ್ಕೆ ನೋಡಿಕೊಳ್ಳುವವರಿಲ್ಲದೆ ಹಾಳು ಬಿದ್ದಿತ್ತಂತೆ. ಮೀಜಿ ಕಾಲದಲ್ಲಿ ಮಿತ್ಸುಬಿಶಿ ಸ್ಥಾಪಿಸಿದ ಇವಾಸಾಕಿ ಯತಾರೊ ಕೊಂಡುಕೊಂಡು ರಿಪೇರಿ ಮಾಡಿಸಿದ. 1938ರಲ್ಲಿ ಆ ಮನೆತನದವರು ಟೋಕಿಯೊ ನಗರಕ್ಕೆ ದಾನ ಕೊಟ್ಟರು.

ಆ ರಾತ್ರಿ ನಮ್ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, ‘ಅಂದ್ರೆ ಅವರ ಮಕ್ಕಳಿಗೂ ನೋಡ್ಕೊಳ್ಳೋಕೆ ಆಗ್ಲಿಲ್ಲ ಅನ್ನು’ ಅಂದರು. ನಾನು ಮಾತು ಬದಲಿಸಿದೆ. ನಮಗಿರುವುದು ಒಬ್ಬಳೇ ಮಗಳು.

ತೋಟದ ಮಧ್ಯೆ ಕೆಲವು ಕಡೆ ದಾರಿ ಕವಲೊಡೆಯುತ್ತದೆ. ಹೋಗಬಾರದ ಕವಲಿನ ಬಾಯಲ್ಲಿ ಬೋರ್ಡಿಲ್ಲ, ಸರಪಳಿಯಿಲ್ಲ. ತೆಂಗಿನಕಾಯಿ ಗಾತ್ರದ ಒಂದು ದುಂಡುಕಲ್ಲು, ಅದಕ್ಕೆ ಕಪ್ಪು ಹಗ್ಗದಲ್ಲಿ ಅಡ್ಡ ಉದ್ದ ಕಟ್ಟು. ಸೆಕಿಮೊರಿ-ಇಶಿ, ಅಂದರೆ ದಾರಿ ಕಾಯುವ ಕಲ್ಲು. ನಮ್ಮ ಉಣುಗೋಲಿಗಾದರೆ ದನ ನುಗ್ಗದ ಹಾಗೆ ಎರಡು ಗಳ ಅಡ್ಡ ಹಾಕಬೇಕು. ಇಲ್ಲಿ ಮನುಷ್ಯರಿಗೆ ಒಂದು ಕಲ್ಲು ಸಾಕಾಗುತ್ತದೆ! ಯಾರೂ ದಾಟಿ ಹೋಗಿದ್ದು ನಾನಂತೂ ನೋಡಲಿಲ್ಲ.

ಎರಡನೇ ಸಲ ಹೋದದ್ದು ಜೂನ್‌ನಲ್ಲಿ. ‘ಮಳೆಗಾಲದಲ್ಲಿ ಯಾಕೆ ಬರ್ತೀಯಮ್ಮ, ಎಲ್ಲೂ ಸುತ್ತೋಕಾಗಲ್ಲ’ ಅಂತ ಮಗಳು ಹೇಳಿದ್ದಳು. ಜೂನ್ ಮೊದಲ ವಾರದಿಂದ ಜುಲೈ ಮಧ್ಯದವರೆಗೆ ಅಲ್ಲಿ ಜಡಿಮಳೆ. ಅದಕ್ಕೆ ತ್ಸುಯು ಅನ್ನುತ್ತಾರೆ. ಬರೆಯುವಾಗ ‘ಪ್ಲಮ್’ ಮತ್ತು ‘ಮಳೆ’ ಎರಡು ಅಕ್ಷರ ಸೇರಿಸುತ್ತಾರೆ, ಪ್ಲಮ್ ಹಣ್ಣಾಗುವ ಹೊತ್ತಿನ ಮಳೆ. ನಮ್ಮಲ್ಲಿ ರೋಹಿಣಿ, ಮೃಗಶಿರ, ಆರಿದ್ರಾ ಅಂತ ಮಳೆಗೆ ನಕ್ಷತ್ರದ ಹೆಸರಿರುವ ಹಾಗೆ ಅವರಲ್ಲೂ ವರ್ಷವನ್ನು ಸಣ್ಣ ಸಣ್ಣ ತುಂಡು ಮಾಡಿದ್ದಾರೆ. ಮೊದಲು ಇಪ್ಪತ್ತನಾಲ್ಕು ಭಾಗ, ಆಮೇಲೆ ಪ್ರತಿಯೊಂದನ್ನೂ ಮೂರು ಮಾಡಿ ಒಟ್ಟು ಎಪ್ಪತ್ತೆರಡು. ಒಂದು ತುಂಡು ಅಂದರೆ ಐದು ದಿನ. ಮಂಜು ಕರಗುವುದಕ್ಕೆ ಐದು ದಿನ, ಹುಳ ಕಣ್ಣು ಬಿಡುವುದಕ್ಕೆ ಐದು ದಿನ. ತೋಟದ ಕೆಲಸವೂ ಹಳೆಯ ಗೈಡ್‌ಗಳ ಮಾತೂ ಈ ಲೆಕ್ಕದಲ್ಲೇ ನಡೆಯುತ್ತವೆ.

ಮಳೆಗಾಲದಲ್ಲಿ ನೋಡಲೇಬೇಕಾದದ್ದು ಕ್ಯೋಟೋದ ಸೈಹೋಜಿ. ಪಾಚಿಯ ದೇವಾಲಯ ಅಂತಲೇ ಹೆಸರು. 1339ರಲ್ಲಿ ಮುಸೋ ಸೊಸೆಕಿ ಎಂಬ ಝೆನ್ ಗುರು ಈ ದೇವಾಲಯವನ್ನು ಪುನಃ ಕಟ್ಟಿ ತೋಟ ರೂಪಿಸಿದರು. ಆದರೆ ಪಾಚಿ ಅವರು ಬೆಳೆಸಿದ್ದಲ್ಲ. ಶತಮಾನಗಳ ನಂತರ, ನೋಡಿಕೊಳ್ಳಲು ದುಡ್ಡಿಲ್ಲದೆ ತೋಟ ಪಾಳು ಬಿದ್ದಾಗ, ತೇವಕ್ಕೆ ತಾನಾಗಿ ಹಬ್ಬಿತು. ಈಗ ಸುಮಾರು 120 ಬಗೆ ಇವೆ ಅನ್ನುತ್ತಾರೆ. ಜನರ ನುಗ್ಗಾಟ ತಾಳಲಾರದೆ 1977ರಿಂದ ಮುಂಚೆಯೇ ಅರ್ಜಿ ಹಾಕಿದವರಿಗೆ ಮಾತ್ರ ಪ್ರವೇಶ. ಒಳಗೆ ಹೋದವರು ಮೊದಲು ಕುಳಿತು ಬೌದ್ಧ ಸೂತ್ರದ ಅಕ್ಷರಗಳನ್ನು ಕುಂಚದಿಂದ ತಿದ್ದಬೇಕು, ತೋಟ ಆಮೇಲೆ. ಅರ್ಥ ತಿಳಿಯದ ಲಿಪಿಯನ್ನು ತಿದ್ದುತ್ತಾ ಕೂತಾಗ ಒಂದನೇ ಕ್ಲಾಸಿನ ಮರಳಿನ ಅಕ್ಷರ ನೆನಪಾಯಿತು. ಕೈ ನಿಧಾನವಾದ ಮೇಲೆ ಕಾಲೂ ನಿಧಾನವಾಗುತ್ತದೆ, ಬಹುಶಃ ಅದಕ್ಕೇ ಹಾಗೆ ಮಾಡಿಸುತ್ತಾರೆ.

ಹೊರಗೆ ಬಂದರೆ ನೆಲವೆಲ್ಲ ಹಸಿರು ಕಂಬಳಿ. ಮಲೆನಾಡಿನವಳಿಗೆ ಪಾಚಿ ಹೊಸದಲ್ಲ. ಆದರೆ ನಾವು ಅಂಗಳದಲ್ಲಿ ಜಾರಿ ಬೀಳುತ್ತೇವೆ ಅಂತ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವವರು. ಅಲ್ಲಿ ಒಬ್ಬರು ಮಂಡಿಯೂರಿ ಪಾಚಿಯ ಮಧ್ಯೆ ಎದ್ದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಇನ್ನೊಬ್ಬರು ಬಿದಿರುಕಡ್ಡಿ ಪೊರಕೆಯಿಂದ ಎಲೆ ಗುಡಿಸುತ್ತಿದ್ದರು. ಒತ್ತಿ ಗುಡಿಸಿದರೆ ಪಾಚಿ ಎದ್ದು ಬರುತ್ತದೆ, ಬಿಟ್ಟರೆ ಎಲೆಯಡಿ ಕೊಳೆಯುತ್ತದೆ. ಹಾಗಾಗಿ ಪೊರಕೆ ನೆಲಕ್ಕೆ ಸೋಕಿಯೂ ಸೋಕದ ಹಾಗೆ ಆಡಬೇಕು. ತಾನಾಗಿ ಬೆಳೆದ ಪಾಚಿ ಹೌದು, ಆದರೆ ಈಗ ಅದು ಉಳಿದಿರುವುದು ತಾನಾಗಿ ಅಲ್ಲ.

ಅದೇ ಪ್ರಯಾಣದಲ್ಲಿ ಕತ್ಸುರಾ ಅರಮನೆಯ ತೋಟವನ್ನೂ ನೋಡಿದೆವು. ಹದಿನೇಳನೇ ಶತಮಾನದ ಮೊದಲಲ್ಲಿ ರಾಜಕುಮಾರ ತೊಶಿಹಿತೊ ಆರಂಭಿಸಿ ಮಗನ ಕಾಲದಲ್ಲಿ ಪೂರ್ತಿಯಾದದ್ದು. ಇಲ್ಲಿ ಗೈಡ್ ಇಲ್ಲದೆ ಒಳಗೆ ಕಾಲಿಡುವ ಹಾಗೇ ಇಲ್ಲ. ಅರಮನೆ ಇಲಾಖೆಗೆ ಮುಂಚೆ ಅರ್ಜಿ, ಬಾಗಿಲಲ್ಲಿ ಪಾಸ್‌ಪೋರ್ಟ್, 1,000 ಯೆನ್ ಟಿಕೆಟ್, ಸುಮಾರು ಒಂದು ಗಂಟೆಯ ನಡಿಗೆ. ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ಅಳಿಯಂದಿರು ಮಗುವನ್ನು ಎತ್ತಿಕೊಂಡು ಹೊರಗೇ ಉಳಿದರು. ಮುಂದೆ ಗೈಡ್, ಹಿಂದೆ ಒಬ್ಬ ಕಾವಲಿನವನು. ಫೋಟೊಗೆ ಅಂತ ಹಿಂದೆ ಉಳಿದರೆ ಮೆಲ್ಲನೆ ಕೈ ಮುಂದೆ ಮಾಡಿ ಹೊರಡಿಸುತ್ತಾನೆ. ಮೊದಲು ಇದು ಕಿರಿಕಿರಿ ಅನ್ನಿಸಿತು.

ಆಮೇಲೆ ಗೊತ್ತಾಯಿತು, ಈ ತೋಟವನ್ನು ಮಾಡಿದ್ದೇ ಹೀಗೆ ನಡೆಸಿಕೊಂಡು ಹೋಗಲು. ಒಳಗೆ ಬಂದ ಕೂಡಲೇ ಕೊಳ ಕಾಣಬೇಕು ತಾನೇ? ಕಾಣದು. ಎರಡು ಬೇಲಿಗಳ ನಡುವಿನ ದಾರಿಯ ತುದಿಯಲ್ಲಿ ಸರಿಯಾಗಿ ಕಣ್ಣಿಗೆ ಅಡ್ಡವಾಗಿ ಒಂದು ಪುಟ್ಟ ಪೈನ್ ಮರ ನೆಟ್ಟಿದ್ದಾರೆ. ನೀರಿದೆ ಅಂತ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಮುಂದೆ ದಾರಿಯುದ್ದಕ್ಕೂ ಬಿಡಿ ಬಿಡಿ ಕಲ್ಲುಗಳು, ಒಂದು ಎತ್ತರ ಒಂದು ತಗ್ಗು. ಬೀಳದ ಹಾಗೆ ಕೆಳಗೇ ನೋಡಿಕೊಂಡು ಹೆಜ್ಜೆ ಇಡಬೇಕು. ಒಂದು ಕಡೆ ಕಲ್ಲು ಅಗಲವಾಗುತ್ತದೆ, ಕಾಲು ನಿಲ್ಲುತ್ತದೆ, ತಲೆ ತಾನಾಗಿ ಎತ್ತುತ್ತೇವೆ. ಎದುರಿಗೆ ಇಡೀ ಕೊಳ! ಎಲ್ಲಿ ತಲೆ ಎತ್ತಬೇಕು ಅಂತ ನಾಲ್ಕು ನೂರು ವರ್ಷದ ಹಿಂದೆ ಯಾರೋ ನನ್ನ ಪರವಾಗಿ ತೀರ್ಮಾನ ಮಾಡಿದ್ದಾರೆ. ಮುಚ್ಚಿ ತೋರಿಸುವ ಈ ಉಪಾಯಕ್ಕೆ ಮಿಯೆಗಕುರೆ ಅಂತ ಹೆಸರು. ಹೊರಗಿನ ಬೇಲಿಯೂ ವಿಶೇಷ. ಬೆಳೆದು ನಿಂತ ಜೀವಂತ ಬಿದಿರನ್ನೇ ಬಗ್ಗಿಸಿ ನೇಯ್ದಿದ್ದಾರೆ, ಕಡಿದಿಲ್ಲ. (ಕ್ಯೋಟೋದಲ್ಲಿ ಹದಿನೈದು ಕಲ್ಲಿನ ರಿಯೊಆಂಜಿಯನ್ನೂ ನೋಡಿದೆವು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.)

ಟೋಕಿಯೊಗೆ ಮರಳಿದ ಮೇಲೆ ಕೊಯಿಶಿಕಾವಾ ಕೊರಾಕುಯೆನ್‌ಗೆ ಹೋದೆವು. 1629ರಲ್ಲಿ ಆರಂಭವಾದ ತೋಟ. ಬೇಲಿಯ ಆಚೆಗೆ ಟೋಕಿಯೊ ಡೋಮ್ ಕ್ರೀಡಾಂಗಣದ ಬಿಳಿ ಚಾವಣಿ, ರೋಲರ್ ಕೋಸ್ಟರ್‌ನಲ್ಲಿ ಕೂತವರ ಕಿರುಚಾಟ. ಇಂಥ ಕಡೆ ಮರಗಳ ನಡುವೆ ಒಂದು ತುಂಡು ಭತ್ತದ ಗದ್ದೆ ಇದೆ ಅಂದರೆ ನಂಬುತ್ತೀರಾ? ತೋಟದ ಎರಡನೇ ಒಡೆಯ ತೊಕುಗಾವಾ ಮಿತ್ಸುಕುನಿ, ರೈತರು ಪಡುವ ಪಾಡು ಮನೆಯ ಸೊಸೆಗೆ ಗೊತ್ತಾಗಲಿ ಅಂತ ಗದ್ದೆ ಮಾಡಿಸಿದನಂತೆ. ಇವತ್ತಿಗೂ ಮೇ ತಿಂಗಳಲ್ಲಿ ಅಲ್ಲಿನ ಪ್ರಾಥಮಿಕ ಶಾಲೆ ಮಕ್ಕಳು ಕೆಸರಿಗಿಳಿದು ನಾಟಿ ಮಾಡುತ್ತಾರೆ, ಸೆಪ್ಟೆಂಬರ್‌ನಲ್ಲಿ ಕೊಯ್ಲು. ನಾವು ಹೋದಾಗ ಸಸಿ ಒಂದು ಗೇಣು ಎದ್ದಿತ್ತು. ಸಾಲು ಸ್ವಲ್ಪ ಡೊಂಕಾಗಿತ್ತು, ಮಕ್ಕಳ ನಾಟಿ ಅಲ್ಲವೇ. ಪಕ್ಕದಲ್ಲೇ ನೇರಳೆ ಬಣ್ಣದ ಐರಿಸ್ ಹೂವುಗಳು, ಎಲ್ಲರ ಕ್ಯಾಮೆರಾ ಆ ಕಡೆ. ನಾನು ಗದ್ದೆಯ ಫೋಟೊ ತೆಗೆದು ಮನೆಗೆ ಕಳಿಸಿದೆ.

ಮೂರನೇ ಸಲದ ನವೆಂಬರ್‌ನಲ್ಲಿ ನಡೆದದ್ದು ಬೇರೆಯೇ ಕಥೆ. ಮೇಪಲ್ ಕೆಂಪಾಗುವುದನ್ನು ನೋಡಲೆಂದೇ ದಿನ ನೋಡಿ ಟಿಕೆಟ್ ಮಾಡಿಸಿದ್ದೆವು. ತಿಂಗಳ ಮೂರನೇ ವಾರ ರಿಕುಗಿಯೆನ್‌ಗೆ ಹೋದರೆ ಬಹುಪಾಲು ಮರ ಇನ್ನೂ ಹಸಿರು. ಅದೇ ಹಿರಿಯ ಗೈಡ್ ಸಿಕ್ಕರು, ನನ್ನ ಗುರುತು ಹಿಡಿದು ಬಗ್ಗಿ ನಮಸ್ಕರಿಸಿದರು. ಕಾರ್ಯಕ್ರಮದ ಚೀಟಿ ತಿಂಗಳುಗಳ ಮುಂಚೆ ಅಚ್ಚಾಗುತ್ತದೆ, ಮರ ಅದನ್ನು ಓದುವುದಿಲ್ಲ ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ ಫೈಲು ತೆಗೆದರು. ಒಂದೇ ಮರ, ಒಂದೇ ತಾರೀಖು, ಬೇರೆ ಬೇರೆ ವರ್ಷ. ಹಳೆಯ ಫೋಟೊದಲ್ಲಿ ಕೆಂಪು, ಹೊಸದರಲ್ಲಿ ಹಸಿರು.

ಇದು ಒಬ್ಬರ ಫೈಲಿನ ಮಾತಲ್ಲ. ಕ್ಯೋಟೋದಲ್ಲಿ ಚೆರ್ರಿ ಯಾವ ದಿನ ಪೂರ್ತಿ ಅರಳಿತು ಅನ್ನುವ ದಾಖಲೆ ಒಂಬತ್ತನೇ ಶತಮಾನದಿಂದಲೂ ಸಿಗುತ್ತದೆ. ಅರಸರ, ಸನ್ಯಾಸಿಗಳ ದಿನಚರಿಗಳಲ್ಲಿ ಹೂವಿನ ಊಟ ಯಾವತ್ತು ನಡೆಯಿತು ಅಂತ ಬರೆದಿಟ್ಟಿದ್ದಾರೆ. ಅದನ್ನೆಲ್ಲ ವಿಜ್ಞಾನಿಗಳು ಒಟ್ಟು ಮಾಡಿದ್ದಾರೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ಪೂರ್ತಿ ಅರಳಿ, 1409ರ ಮಾರ್ಚ್ 27ರ ದಾಖಲೆ ಮುರಿಯಿತು. ಹನ್ನೆರಡು ಶತಮಾನದಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಅರಳಿದ್ದೇ ಇಲ್ಲ. ಚೆರ್ರಿ ಬೇಗ, ಮೇಪಲ್ ತಡ. ಎರಡಕ್ಕೂ ಕಾರಣ ಬಿಸಿಲು ಹೆಚ್ಚಿದ್ದು. ಊರಿನಲ್ಲಿ ಆರಿದ್ರಾ ಮಳೆ ಬರುವ ಹೊತ್ತಿಗೆ ಬಿಸಿಲು, ಅಡಿಕೆ ಕೊಯ್ಲಿನ ಹೊತ್ತಿಗೆ ಮಳೆ. ಈ ಮಾತನ್ನು ಅವರಿಗೆ ಹೇಳಬೇಕು ಅನ್ನಿಸಿ ಮಗಳಿಗೆ ಹೇಳಿದೆ. ನಕ್ಷತ್ರದ ಮಳೆಯನ್ನು ಜಪಾನಿಯಲ್ಲಿ ಹೇಳಲು ಅವಳು ಪಟ್ಟ ಕಷ್ಟ ನೋಡಬೇಕಿತ್ತು. ಕೊನೆಗೂ ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಬಹಳ ಹೊತ್ತು ತಲೆಯಾಡಿಸಿದರು.

ಮೇಪಲ್ ಇಲ್ಲದಿದ್ದರೂ ಆ ತಿಂಗಳು ನೋಡಲು ಬೇಕಾದಷ್ಟು ಇತ್ತು. ಪೈನ್ ಮರಗಳ ಕಾಂಡಕ್ಕೆ ಒಣಹುಲ್ಲಿನ ಚಾಪೆಯ ಪಟ್ಟಿ ಸುತ್ತಿದ್ದರು, ಸೊಂಟಕ್ಕೆ ಪಂಚೆ ಸುತ್ತಿದ ಹಾಗೆ. ಚಳಿಗೆ ಹುಳಗಳು ಬೆಚ್ಚಗಿರುವ ಹುಲ್ಲಿಗೆ ಬಂದು ಸೇರುತ್ತವೆ, ಮಾರ್ಚ್ ಮೊದಲ ವಾರ ‘ಹುಳ ಏಳುವ’ ದಿನಕ್ಕೆ ಅದನ್ನು ಬಿಚ್ಚಿ ಸುಟ್ಟರೆ ಮರಕ್ಕೆ ಕಾಟ ತಪ್ಪುತ್ತದೆ ಅನ್ನುವುದು ಹಳೆಯ ನಂಬಿಕೆ. ಹಿಮೇಜಿ ಕೋಟೆಯ ಮರಗಳಲ್ಲಿ ಬಿಚ್ಚಿ ಎಣಿಸಿ ನೋಡಿದಾಗ ಕೆಟ್ಟ ಹುಳಕ್ಕಿಂತ ಉಪಕಾರಿ ಜೇಡಗಳೇ ಜಾಸ್ತಿ ಸಿಕ್ಕವಂತೆ. ಕೆಲವು ತೋಟಗಳು ಈ ಪದ್ಧತಿಯನ್ನು ಬಿಟ್ಟಿವೆ, ಕೆಲವು ಚಳಿಗಾಲದ ಅಲಂಕಾರ ಅಂತ ಉಳಿಸಿಕೊಂಡಿವೆ. ಗೈಡ್ ಎರಡನ್ನೂ ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು.

ನಿಜವಾದ ಕಟ್ಟುವ ಕೆಲಸ ನೋಡಬೇಕಾದರೆ ಕನಜಾವಾಕ್ಕೆ ಹೋಗಬೇಕು. ಟೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಎರಡೂವರೆ ಗಂಟೆ. ಅಲ್ಲಿನ ಕೆನ್ರೊಕುಯೆನ್ ಜಪಾನಿನ ಮೂರು ಪ್ರಸಿದ್ಧ ತೋಟಗಳಲ್ಲಿ ಒಂದು, ಮಾಯೆದಾ ಮನೆತನದ ಪ್ರಭುಗಳು ತಲೆಮಾರುಗಳ ಕಾಲ ಬೆಳೆಸಿದ್ದು. ಸಮುದ್ರದ ಕಡೆಯಿಂದ ತೇವದ ಗಾಳಿ ಬರುವುದರಿಂದ ಅಲ್ಲಿನ ಹಿಮ ಒದ್ದೆ, ಭಾರ. ಹಾಗೇ ಬಿಟ್ಟರೆ ಪೈನ್ ಮರದ ಕೊಂಬೆ ಮುರಿಯುತ್ತದೆ. ಅದಕ್ಕೇ ಪ್ರತಿ ವರ್ಷ ನವೆಂಬರ್ 1ಕ್ಕೆ ಮರಗಳಿಗೆ ಹಗ್ಗ ಕಟ್ಟಲು ಶುರು ಮಾಡುತ್ತಾರೆ. ಯುಕಿತ್ಸುರಿ ಅಂತ ಹೆಸರು. ಮೊದಲ ಸರದಿ ಕರಾಸಾಕಿ ಪೈನ್‌ನದು. ಬಿವಾ ಸರೋವರದ ದಡದ ಕರಾಸಾಕಿಯಿಂದ ಬೀಜ ತರಿಸಿ ಬೆಳೆಸಿದ ಮರ. ಅದೊಂದಕ್ಕೇ ಐದು ಕಂಬ, ಸುಮಾರು 800 ಹಗ್ಗ. ಮರಕ್ಕಿಂತ ಎತ್ತರದ ಕಂಬದ ತುದಿಯಿಂದ ಹಗ್ಗಗಳನ್ನು ಕೆಳಗೆ ಬಿಟ್ಟು ಒಂದೊಂದು ಕೊಂಬೆಗೂ ಬಿಗಿಯುತ್ತಾರೆ. ದೂರದಿಂದ ಛತ್ರಿಯ ಕಡ್ಡಿಗಳ ಹಾಗೆ ಕಾಣುತ್ತದೆ. ಹಣ್ಣಿನ ಭಾರಕ್ಕೆ ಸೇಬಿನ ಕೊಂಬೆ ಮುರಿಯದಂತೆ ಕಟ್ಟುತ್ತಿದ್ದ ರೀತಿ ಇದು, ಅದಕ್ಕೇ ಈ ಕಟ್ಟಿಗೆ ಸೇಬಿನ ಹೆಸರೇ ಇದೆ. ಮಾರ್ಚ್ ಮಧ್ಯದಲ್ಲಿ ಬಿಚ್ಚಲು ಆರಂಭಿಸುತ್ತಾರೆ. ಮತ್ತೆ ನವೆಂಬರ್‌ಗೆ ಕಟ್ಟುವುದು.

ಕಂಬದ ತುದಿಯಲ್ಲಿ ಒಬ್ಬ, ಕೆಳಗೆ ಹಗ್ಗ ಎಸೆಯುತ್ತಿದ್ದ. ನಾನು ನೋಡುತ್ತಾ ನಿಂತುಬಿಟ್ಟೆ. ನಮ್ಮ ಕೊನೆಗಾರರು ಮಳೆಗೆ ಮುಂಚೆ ಅಡಿಕೆ ಮರ ಹತ್ತಿ ಕೊನೆಗೆ ಕೊಟ್ಟೆ ಕಟ್ಟುವುದೂ ಹೀಗೆಯೇ. ಕೊಳೆರೋಗ ಬರಬಾರದು ಅಂತ ಒಂದೊಂದು ಕೊನೆಗೂ ಕರಡದ ಹುಲ್ಲಿನ ಟೋಪಿ. ಈಗ ಅದೂ ಕಡಿಮೆಯಾಗಿ ಬೋರ್ಡೋ ಸಿಂಪಡಣೆಯೇ ಗತಿ, ಅದಕ್ಕೂ ಹತ್ತುವವರು ಸಿಗುವುದಿಲ್ಲ. ನಮ್ಮ ತೋಟಕ್ಕೆ ಬರುವ ಕೊನೆಗಾರನಿಗೆ ಐವತ್ತು ದಾಟಿದೆ, ಅವನ ಮಗ ಶಿವಮೊಗ್ಗದಲ್ಲಿ ಕಾರು ಓಡಿಸುತ್ತಾನೆ. ಕನಜಾವಾದ ಗೈಡ್‌ಗೆ ಕೇಳಿಸಿದೆ, ಈ ಹಗ್ಗ ಕಟ್ಟುವವರು ಸಿಗುತ್ತಾರಾ ಅಂತ. ಕಲಿಯಲು ವರ್ಷಗಳು ಬೇಕು, ಬರುವ ಹುಡುಗರು ಕಡಿಮೆ ಅಂದರು. ವಿಡಿಯೊ ಕಾಲ್‌ನಲ್ಲಿ ನಮ್ಮನೆಯವರಿಗೆ ಕಂಬದ ಮೇಲಿನವನನ್ನು ತೋರಿಸಿದೆ. ಈ ಸಲ ನಗಲಿಲ್ಲ. ‘ಹಗ್ಗ ಯಾವುದರದ್ದು? ಗಂಟು ಹತ್ತಿರದಿಂದ ತೋರಿಸು’ ಅಂದರು. ಅಕ್ಕಿ ಹುಲ್ಲಿನ ಹಗ್ಗ ಅಂದೆ. ‘ಮೇಲಿಂದ ಹಾಗೆ ಬಿಟ್ರೆ ಭಾರ ಎಲ್ಲ ಕಂಬಕ್ಕೆ ಹೋಗತ್ತೆ, ಸರಿಯಾಗಿ ಮಾಡಿದಾರೆ’ ಅಂತ ಸರ್ಟಿಫಿಕೇಟ್ ಕೊಟ್ಟರು. ತೋಟವನ್ನು ಗೇಣಿಗೆ ಕೊಡೋಣವಾ ಅನ್ನುವ ಮಾತು ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿದೆ. ಆ ದಿನ ಇಬ್ಬರೂ ಅದನ್ನು ಎತ್ತಲಿಲ್ಲ.

ಟೋಕಿಯೊ ತೋಟಗಳಲ್ಲೂ ಚಳಿಗಾಲದಲ್ಲಿ ಇದೇ ಹಗ್ಗದ ಛತ್ರಿ ಕಾಣುತ್ತದೆ. ಅಲ್ಲಿ ಹಿಮ ಬೀಳುವುದೇ ಅಪರೂಪ. ಮತ್ಯಾಕೆ ಅಂದರೆ, ಚಳಿಗಾಲ ಬಂತು ಅಂತ ಕಣ್ಣಿಗೆ ಗೊತ್ತಾಗಬೇಕಲ್ಲ ಅನ್ನುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ಕತ್ಸುರಾ, ಸೈಹೋಜಿ ಎರಡಕ್ಕೂ ಊರಿನಲ್ಲಿದ್ದಾಗಲೇ ಅರ್ಜಿ ಹಾಕಿ. ಹೂವಿನ ತಾರೀಖು ನಂಬಿ ವಿಮಾನದ ಟಿಕೆಟ್ ಮಾಡಿಸುವುದಾದರೆ ಆಚೀಚೆ ಒಂದು ವಾರ ಇಟ್ಟುಕೊಳ್ಳಿ. ಗೈಡ್ ನಡಿಗೆ ಹೆಚ್ಚಾಗಿ ಜಪಾನಿಯಲ್ಲೇ ಇರುತ್ತದೆ, ಇಂಗ್ಲಿಷ್ ನಡಿಗೆ ಕೆಲವೇ ದಿನ, ಮುಂಚೆ ವಿಚಾರಿಸಿ. ಭಾಷೆ ಬರದಿದ್ದರೂ ಗುಂಪಿನ ಹಿಂದೆ ಹೋಗಿ, ಅವರು ಬೆರಳು ತೋರಿಸಿದ ಕಡೆ ನೋಡಿದರೂ ಲಾಭವೇ. ಮಂಡಿ ನೋವಿರುವವರಿಗೆ ಕತ್ಸುರಾದ ಕಲ್ಲುಗಳು ಕಷ್ಟ, ರಿಕುಗಿಯೆನ್‌ನ ಸಮತಟ್ಟು ದಾರಿ ಸುಲಭ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ನಾಲ್ಕನೇ ಸಲ ಮಾರ್ಚ್‌ನಲ್ಲಿ ಹೋದಾಗ ರಿಕುಗಿಯೆನ್‌ನಲ್ಲಿ ಆ ಹಿರಿಯರು ಸಿಗಲಿಲ್ಲ. ಬೇರೆ ಗೈಡ್ ಇದ್ದರು, ಸುಮಾರು ನನ್ನ ವಯಸ್ಸಿನ ಹೆಂಗಸು. ಅವರು ಮೊಣಕಾಲು ನೋವೆಂದು ಈಗ ತಿಂಗಳಿಗೊಮ್ಮೆ ಮಾತ್ರ ಬರುತ್ತಾರಂತೆ. ಅವರ ಫೈಲು ಈಕೆಯ ಕಂಕುಳಲ್ಲಿತ್ತು. ಕೊನೆಯ ಹಾಳೆಯಲ್ಲಿ ಹಿಂದಿನ ನವೆಂಬರ್‌ನ ಹಸಿರು ಮೇಪಲ್ ಸೇರಿಕೊಂಡಿತ್ತು, ಕೆಳಗೆ ತಾರೀಖು.

ಮುಂದಿನ ವರ್ಷ ಮೇ ತಿಂಗಳಲ್ಲಿ ಹೋಗಿ ಮಕ್ಕಳು ಗದ್ದೆ ನೆಡುವುದನ್ನು ನೋಡುವ ಆಸೆ ಇದೆ. ನಮ್ಮನೆಯವರನ್ನೂ ಕರೆದೆ. ‘ಮೇ ಕಡೆಗೆ ಬೋರ್ಡೋ ಹೊಡೆಸೋ ತಯಾರಿ, ಹೇಗೆ ಬರಲಿ? ನವೆಂಬರ್ ಒಂದಕ್ಕಾದರೆ ನೋಡೋಣ’ ಅಂದಿದ್ದಾರೆ.